ಏಳು ಆಕ್ಷೇಪಣೆ, ಆರು ಮಂದಿ

ಠಾಣೆಯಲ್ಲಿ ನನಗೆ ಅಂಜುಬುರುಕ ರೈಟರ್ ಅಂತ ಹೆಸರಿತ್ತು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಎದುರಿಗೇ ಅನ್ನತೊಡಗಿದರು. ನಾನು ಸಿಟ್ಟಾಗಲಿಲ್ಲ, ಯಾಕೆಂದರೆ ಮಾತು ನಿಜವಿತ್ತು. ಕಳ್ಳರಿಗಾಗಲಿ ಪುಢಾರಿಗಳಿಗಾಗಲಿ ನಾನು ಅಷ್ಟೇನೂ ಹೆದರಿದವನಲ್ಲ. ನಾನು ಹೆದರುತ್ತಿದ್ದುದು ನಾನೇ ಬರೆದ ಕಾಗದಕ್ಕೆ.

ಈಗ ಇಲಾಖೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮದುವೆ ಮುಂಜಿಯಲ್ಲಿ ಸಿಕ್ಕಾಗ ಸರ್ವಿಸಿನ ಕತೆ ಹೇಳಿ ಅನ್ನುತ್ತಾರೆ. ಅವರಿಗೆ ಬೇಕಾದದ್ದು ಬೆನ್ನಟ್ಟಿ ಹಿಡಿದ ಕತೆ. ನನ್ನ ಹತ್ತಿರ ಅಂಥದ್ದು ಒಂದೂ ಇಲ್ಲ. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಅಂತ ಮೂರು ತಾಲ್ಲೂಕಿನ ಠಾಣೆಗಳಲ್ಲಿ ನಾನು ಮಾಡಿದ್ದು ಬರೆಯುವ ಕೆಲಸ. ಬಂದ ಅರ್ಜಿ ಓದುವುದು, ಹೋಗುವ ವರದಿ ತಯಾರಿಸುವುದು. ಸಹಿ ಸಾಹೇಬರದು, ವಾಕ್ಯ ನಮ್ಮದು. ಆ ವಾಕ್ಯಗಳಲ್ಲಿ ಒಂದರಿಂದ ಒಬ್ಬ ಮನುಷ್ಯ ಸತ್ತ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಆಗ ನಾನು ಬ್ಯಾಡಗಿ ಕಡೆಯ ಒಂದು ಠಾಣೆಯಲ್ಲಿದ್ದೆ. ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆ ಒಬ್ಬ ದಲಾಲರು ತಮ್ಮ ಅಂಗಡಿಯ ಹಮಾಲರಿಗೂ ವ್ಯಾಪಾರಸ್ಥರಿಗೂ ಊರ ಹೊರಗಿನ ಹೊಲದಲ್ಲಿ ಊಟ ಹಾಕಿಸುತ್ತಿದ್ದರು. ರಾತ್ರಿ ಆರ್ಕೆಸ್ಟ್ರಾ, ಜೊತೆಗೆ ಮದ್ಯಕ್ಕೆ ಒಂದು ದಿನದ ಪರವಾನಗಿ. ಅಂಥ ಪರವಾನಗಿ ಕೊಡುವ ಮುಂಚೆ ಅಬಕಾರಿ ಕಚೇರಿಯವರು ಠಾಣೆಯ ಅಭಿಪ್ರಾಯ ಕೇಳುತ್ತಾರೆ. ನಾವು ಜಾಗಕ್ಕೆ ಹೋಗಿ ನೋಡಿ, ಆಕ್ಷೇಪಣೆ ಇದೆಯೋ ಇಲ್ಲವೋ ಬರೆದು ಕಳಿಸಬೇಕು.

ಠಾಣೆಗೆ ಕಂಪ್ಯೂಟರ್ ಬಂದು ವರ್ಷ ದಾಟಿತ್ತು. ಕೈಯಿಂದ ಬರೆಯುತ್ತಿದ್ದಾಗ ಸುಳ್ಳು ಬರೆಯುವುದಕ್ಕೂ ಅರ್ಧ ತಾಸು ಹಿಡಿಯುತ್ತಿತ್ತು, ನಡುವೆ ಮನಸ್ಸು ಬದಲಾಗುವುದಕ್ಕೆ ಹೊತ್ತು ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ಎರಡೇ ನಿಮಿಷ. ಹಿಂದಿನ ವರ್ಷದ ವರದಿ ತೆಗೆದೆ, ತಾರೀಖು ಬದಲಿಸಿದೆ. ಆ ಸಲ ಹೊಲ ಬೇರೆ ಇತ್ತು, ಸರ್ವೆ ನಂಬರನ್ನೂ ಬದಲಿಸಿದೆ. ಉಳಿದದ್ದು ಹಾಗೆಯೇ ಬಿಟ್ಟೆ: 'ಸ್ಥಳ ಪರಿಶೀಲಿಸಲಾಗಿ, ಸಾರ್ವಜನಿಕರಿಗೆ ಅಪಾಯವಾಗುವಂಥದ್ದು ಏನೂ ಕಂಡುಬರದ ಕಾರಣ ಆಕ್ಷೇಪಣೆ ಇರುವುದಿಲ್ಲ.' ಸ್ಥಳಕ್ಕೆ ನಾನು ಹೋಗಿರಲಿಲ್ಲ. ಯಾರೂ ಹೋಗಿರಲಿಲ್ಲ.

ಆ ಹೊಲದಲ್ಲಿ ಕಟ್ಟೆ ಇಲ್ಲದ ಒಂದು ಹಾಳುಬಾವಿ ಇತ್ತು. ಊಟ ಮುಗಿಸಿ ಕತ್ತಲಲ್ಲಿ ಮೂತ್ರಕ್ಕೆ ಹೋದ ಫಕ್ಕೀರಪ್ಪ ಅನ್ನುವ ಹಮಾಲ ಬೆಳಗಿನವರೆಗೂ ಮರಳಲಿಲ್ಲ. ಮರುದಿನ ಹೆಣ ಮೇಲೆತ್ತಿದಾಗ ಪಂಚನಾಮೆ ಬರೆದವನೂ ನಾನೇ. 'ಶಾಮಿಯಾನದಿಂದ ಇಪ್ಪತ್ತು ಹೆಜ್ಜೆ ಅಂತರದಲ್ಲಿ, ಸುತ್ತ ಮುಳ್ಳುಕಂಟಿ ಬೆಳೆದ, ಕಟ್ಟೆಯಿಲ್ಲದ ಬಾವಿ' ಅಂತ ಬರೆದೆ. ಒಂದೇ ಸರ್ವೆ ನಂಬರು, ಬರೆದವನು ಒಬ್ಬನೇ, ನಡುವೆ ಹತ್ತು ದಿನ. ಒಂದು ಕಾಗದ ಅಪಾಯ ಇಲ್ಲ ಅನ್ನುತ್ತದೆ, ಇನ್ನೊಂದು ಬಾವಿಯ ಆಳ ಹೇಳುತ್ತದೆ. ಯಾರಾದರೂ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ನನ್ನ ಕತೆ ಮುಗಿದಂತೆ. ಯಾರೂ ಓದಲಿಲ್ಲ.

ಕೇಳಿದವಳು ಅವನ ಹೆಂಡತಿ ಯಲ್ಲವ್ವ ಒಬ್ಬಳೇ. ಮರಣೋತ್ತರ ವರದಿಯ ನಕಲು ಒಯ್ಯಲು ಬಂದವಳು ನನ್ನ ಟೇಬಲಿನ ಮುಂದೆ ನಿಂತಳು.

"ಸಾಹೇಬ್ರ, ಕುಡ್ಯಾಕ ಪರ್ಮಿಶನ್ ಕೊಡೂ ಮುಂಚೆ ಪೊಲೀಸರು ಜಾಗಾ ನೋಡತಾರಂತಲ್ರಿ? ನೀವು ನೋಡಾಕ ಬಂದಿದ್ರೇನ್ರಿ?"

"ಬಂದಿದ್ವಿ ತಾಯಿ," ಅಂದೆ.

ಅವಳು ದನಿ ಏರಿಸದೆ ಹೇಳಿದಳು: "ಬಂದಿದ್ರ ಬಾವಿ ಕಾಣ್ತಿತ್ತಲ್ರಿ. ನಮ್ಮ ಮನ್ಯಾವ್ರು ಕುಡದಿದ್ರು, ಅವ್ರಿಗೆ ಕಾಣಲಿಲ್ಲ. ನೀವೇನು ಕುಡದಿರಲಿಲ್ಲಲ್ರಿ."

ನಕಲು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅವತ್ತಿನಿಂದ ನನಗೆ ಅಂಜಿಕೆ ಹತ್ತಿತು, ನಿವೃತ್ತಿಯ ತನಕ ಬಿಡಲಿಲ್ಲ.

ಆಮೇಲೆ ಹಾವೇರಿ ತಾಲ್ಲೂಕಿಗೆ ವರ್ಗವಾಯಿತು. ಅಲ್ಲಿದ್ದಾಗ ಒಮ್ಮೆ ಮೇಲಿನ ಕಚೇರಿಯಿಂದ ಫೋನ್ ಬಂತು: ಬ್ಯಾಡಗಿಯಲ್ಲಿದ್ದಾಗಿನ ಹಳೆಯ ಕಡತದ ಬಗ್ಗೆ ಕೇಳುವುದಿದೆ, ನಾಳೆ ಹತ್ತಕ್ಕೆ ಬಂದು ಕಾಣಬೇಕು. ರಾತ್ರಿಯಿಡೀ ನಿದ್ದೆ ಇಲ್ಲ. ಹೆಂಡತಿಗೆ ಬ್ಯಾಂಕಿನ ಪಾಸ್‌ಬುಕ್ ಎಲ್ಲಿದೆ, ಎಲ್‌ಐಸಿ ಬಾಂಡ್ ಎಲ್ಲಿದೆ ಅಂತ ಎಲ್ಲ ತೋರಿಸಿದೆ. ಅವಳು ಗಾಬರಿಯಾಗಿ, "ಏನ್ ಮಾಡೀರಿ ಖರೇ ಹೇಳ್ರಿ," ಅಂತ ಅಳುವುದಕ್ಕೇ ಶುರು ಮಾಡಿದಳು. ಮರುದಿನ ಹೋಗಿ ನೋಡಿದರೆ, ವಾರಸುದಾರರಿಲ್ಲದ ಮೂರು ಸೈಕಲ್‌ಗಳು ಜಪ್ತಿ ಪುಸ್ತಕದಲ್ಲಿವೆ, ಠಾಣೆಯ ಹಿತ್ತಲಲ್ಲಿ ಎರಡೇ ಇವೆ, ಮೂರನೆಯದು ಎಲ್ಲಿ ಅಂತ ಕೇಳಲು ಕರೆಸಿದ್ದರು. ಮೂರನೆಯದು ಎಲ್ಲಿ ಹೋಯಿತೋ ನನಗೂ ಗೊತ್ತಿರಲಿಲ್ಲ. ಹೊರಗೆ ಬಂದು ಒಬ್ಬನೇ ನಕ್ಕೆ, ಆದರೆ ಯಾರಾದರೂ ಮತ್ತೆ ಕರೆಯುತ್ತಾರೇನೋ ಅಂತ ಬಸ್ ನಿಲ್ದಾಣದ ತನಕ ತಿರುಗಿ ತಿರುಗಿ ನೋಡುತ್ತ ಹೋದೆ.

ನಿವೃತ್ತಿಗೆ ಎರಡು ವರ್ಷ ಇದ್ದಾಗ ರಾಣೆಬೆನ್ನೂರು ತಾಲ್ಲೂಕಿನ ಠಾಣೆಗೆ ಬಂದೆ. ನಮ್ಮ ಪಿಎಸ್‌ಐ ಮೇಡಂ ಹೊಸಬರು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಕೆಲಸದಲ್ಲಿ ಚುರುಕು, ಬಾಯಿಯೂ ಚುರುಕು. ಅವರ ಟೇಬಲಿಗೆ ಆ ಅರ್ಜಿ ಬಂದಾಗ ನನ್ನನ್ನು ಕರೆದರು.

ಅರ್ಜಿ ಕೊಟ್ಟವರು ಬೀಜದ ವ್ಯಾಪಾರದ ಮಲ್ಲೇಶಪ್ಪ ಸಾವ್ಕಾರರು. ಮೇಡ್ಲೇರಿ ಆಚೆ, ತುಂಗಭದ್ರೆಯ ದಂಡೆಗೆ ಹತ್ತಿದಂತೆ ಅವರ ತೋಟ. ಅಲ್ಲಿ ಸುತ್ತಲಿನ ತಾಲ್ಲೂಕುಗಳ ಬೀಜದ ಅಂಗಡಿಯವರಿಗೆಲ್ಲ ಒಂದು ರಾತ್ರಿಯ ಕೂಟ. ಊಟ, ಡಿಜೆ, ರಾತ್ರಿ ಒಂದು ಗಂಟೆಯವರೆಗೆ ಮದ್ಯ. ನಾನೂರು ಜನ ಬರುತ್ತಾರೆ ಅಂತ ಅರ್ಜಿಯಲ್ಲಿ ಬರೆದಿದ್ದರು.

"ನಾನ ಹಗಲಿಗೆ ಹೋಗಿ ನೋಡ್ಕೊಂಡ್ ಬಂದೇನ್ರಿ ರೈಟರ್ರ," ಅಂದರು ಮೇಡಂ. "ಸಪಾಟ ಜಾಗಾ, ಛಲೋ ಐತಿ. ಆಕ್ಷೇಪಣೆ ಇಲ್ಲ ಅಂತ ಬರ್ದು ತರ್ರಿ."

ಎಷ್ಟೋ ಅಧಿಕಾರಿಗಳು ಕುರ್ಚಿ ಬಿಟ್ಟು ಏಳುವುದಿಲ್ಲ, ಇವರು ಹೋಗಿಯಾದರೂ ಬಂದಿದ್ದರು. ಆದರೂ ನನಗೆ ಬ್ಯಾಡಗಿಯ ಹೊಲ ನೆನಪಾಯಿತು. "ಮೇಡಂ, ಕಾರ್ಯಕ್ರಮ ರಾತ್ರಿ ಅಲ್ರಿ. ನಾವು ಹಗಲಿಗೆ ನೋಡಿದ್ರ ಏನ್ ಕಂಡಂಗಾತ್ರಿ?" ಅಂದೆ.

"ನಿಮಗ ಅಂಜಿಕಿ ಭಾಳ ಆತು," ಅಂತ ನಕ್ಕರು. ಆದರೆ ಹೋಗಬೇಡಿ ಅನ್ನಲಿಲ್ಲ.

ಹೊಸಬರಿಗೆ ನಾನು ಹೇಳುವ ಬುದ್ಧಿಮಾತು ಇದೊಂದೇ. ನಮ್ಮಲ್ಲಿ ಸ್ಥಳ ಪರಿಶೀಲನೆಗೆ ಹೋಗುವುದು ಹನ್ನೊಂದು ಗಂಟೆಗೆ, ಚಹಾ ಕುಡಿದು, ಬಿಸಿಲಲ್ಲಿ. ಬಿಸಿಲಲ್ಲಿ ಎಲ್ಲ ಹೊಲವೂ ಒಳ್ಳೆಯ ಹೊಲವೇ. ಜನ ಯಾವ ಹೊತ್ತಿಗೆ ಅಲ್ಲಿ ನಡೆದಾಡುತ್ತಾರೋ ಆ ಹೊತ್ತಿಗೆ ಹೋಗಿ ನೋಡಿ.

ಹನುಮಂತ ಅನ್ನುವ ಕಾನ್‌ಸ್ಟೇಬಲ್‌ನ ಬೈಕಿನಲ್ಲಿ ರಾತ್ರಿ ಹನ್ನೆರಡೂವರೆಗೆ ಆ ತೋಟಕ್ಕೆ ಹೋದೆವು. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಹಿಂದೆ ಕೆಂಪು ದೀಪವಿಲ್ಲ. ಕಾಲುವೆಯ ಸೇತುವೆಗೆ ಒಂದು ಕಡೆ ತಡೆಗೋಡೆ ಇಲ್ಲ. ತೋಟ ಮುಟ್ಟಿದಾಗ ಹೊಳೆಯ ಸಪ್ಪಳ ಕೇಳುತ್ತಿತ್ತು, ಹೊಳೆ ಎಲ್ಲಿದೆ ಅಂತ ಕಾಣುತ್ತಿರಲಿಲ್ಲ. ಶಾಮಿಯಾನ ಹಾಕುವ ಜಾಗದಲ್ಲಿ ನಿಂತು ಹನುಮಂತನಿಗೆ ಹೇಳಿದೆ: "ಬ್ಯಾಟರಿ ಆರಿಸಿ ನನ್ನ ಕೈಗೆ ಕೊಡು. ನಾಕು ಪೆಗ್ ಕುಡದಾಂವ ಮೂತ್ರಕ್ಕ ಎತ್ತಾಗ ಹೋಗ್ತಾನ, ಅತ್ತಾಗ ನಡಿ."

"ನೀವೂ ಛಲೋ ಅದೀರಿ ಸರ್," ಅಂತ ನಗುತ್ತ, ತೂರಾಡುವ ಆಟ ಆಡುತ್ತ ಹೋದ. ಅವನ ನಗು ಕೇಳುತ್ತಿತ್ತು. ಮೂವತ್ತು ಹೆಜ್ಜೆ ಹೋಗಿರಬಹುದು, ನಗು ನಿಂತಿತು. ಮರಳು ಜಾರುವ ಸದ್ದು ಬಂತು, ಅಷ್ಟೇ.

"ಹನುಮಂತಾ!" ಅಂತ ಕೂಗಿದೆ. ಉತ್ತರ ಇಲ್ಲ. ಬ್ಯಾಟರಿಯ ಸ್ವಿಚ್ಚು ಬೆರಳಿಗೆ ಸಿಗಲಿಲ್ಲ. ಆಮೇಲೆ ನೆಲದ ಮಟ್ಟದಿಂದ ಅವನ ದನಿ ಬಂತು, ನಗು ಪೂರ್ತಿ ಹೋಗಿತ್ತು: "ಸರ್, ಮುಂದ ಬರಬ್ಯಾಡ್ರಿ. ನನ್ನ ಕಾಲಿಗೆ ನೆಲಾ ಸಿಗವಲ್ದು."

ಹೊಟ್ಟೆಯ ಮೇಲೆ ಮಲಗಿ ಕೈ ಕೊಟ್ಟು ಎಳೆದೆ. ಯಾವಾಗಲೋ ಮರಳು ತೆಗೆದು ಬಿಟ್ಟ ಗುಂಡಿ, ಹೊಳೆ ನೀರು ಒಸರಿ ತುಂಬಿತ್ತು. ಮೇಲೆ ಹಸಿರು ಪಾಚಿ ಮುಚ್ಚಿಕೊಂಡು ಹಗಲಿನಲ್ಲಿ ದೂರದಿಂದ ನೋಡಿದರೆ ಹುಲ್ಲುಗಾವಲಿನಂತೆ ಕಾಣುತ್ತದೆ. ಮೇಡಂ ನೋಡಿದ ಸಪಾಟು ಜಾಗ ಅದೇ. ಬಿದಿರ ಗಳ ಇಳಿಬಿಟ್ಟೆವು, ತಳ ಸಿಗಲಿಲ್ಲ.

ಮರುದಿನ ಏಳು ಆಕ್ಷೇಪಣೆ ಬರೆದೆ. ದೀಪವಿಲ್ಲದ ಟ್ರ್ಯಾಕ್ಟರುಗಳ ದಾರಿಯಲ್ಲಿ ಕುಡಿದವರು ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಕು ಅನ್ನುವುದರಿಂದ ಹಿಡಿದು, ಹತ್ತಿರದ ಆಸ್ಪತ್ರೆ ಎಷ್ಟು ದೂರ ಅನ್ನುವ ತನಕ. ಮೂರನೆಯದು ಗುಂಡಿ. ಪ್ರತಿಯೊಂದಕ್ಕೂ ಹೆಜ್ಜೆಯ ಲೆಕ್ಕ, ನೋಡಿದ ಹೊತ್ತು. ಹನುಮಂತನ ಕೆಸರು ಮೆತ್ತಿದ ಪ್ಯಾಂಟು ಇನ್ನೂ ಠಾಣೆಯ ಹಗ್ಗದ ಮೇಲೆ ಒಣಗುತ್ತಿತ್ತು. ಅದನ್ನು ನೋಡಿದ ಮೇಲೆ ಮೇಡಂ ಸಹಿ ಹಾಕಿದರು.

ಮೂರು ದಿನಕ್ಕೆ ಸಾವ್ಕಾರರು ಠಾಣೆಗೆ ಬಂದರು. ಬಿಳಿ ಅಂಗಿ, ಮೆಲುದನಿ. ನೇರವಾಗಿ ನನ್ನ ಟೇಬಲಿಗೇ ಬಂದು ಕೂತರು.

"ರೈಟರ್ರ, ಹೊಳಿ ನಾ ತಂದಿಟ್ಟದ್ದಲ್ಲರಿ. ದೇವ್ರು ಇಟ್ಟದ್ದು."

"ಗುಂಡಿ ದೇವ್ರು ತೋಡಿಲ್ಲರಿ ಸಾವ್ಕಾರ್ರ," ಅಂದೆ. ಅಂದ ಮೇಲೆ, ಯಾಕಾದರೂ ಅಂದೆನೋ ಅನ್ನಿಸಿತು.

ಅವರು ನಕ್ಕರು. "ರಿಟೈರ್ ಆಗಾಕ ಇನ್ನ ಎರಡು ವರ್ಷ ಐತೇನ್ರಿ ನಿಮ್ಮದು? ಆರಾಮ ಮುಗಿಸ್ರಿ. ಈ ವಯಸ್ಸಿನಾಗ ದೂರ ದೂರ ವರ್ಗ ಆದ್ರ ಮನಿ ಮಂದಿಗೆ ತ್ರಾಸ." ಅಷ್ಟು ಹೇಳಿ ನನ್ನ ಹೆಂಡತಿಯ ಶುಗರ್ ಹೇಗಿದೆ ಅಂತಲೂ ವಿಚಾರಿಸಿ ಎದ್ದು ಹೋದರು. ಅವಳಿಗೆ ಶುಗರ್ ಇದೆ ಅನ್ನುವುದು ಅವರಿಗೆ ಹೇಗೆ ಗೊತ್ತಾಯಿತು ಅಂತ ಯೋಚಿಸುತ್ತ ಮಧ್ಯಾಹ್ನ ಪೂರ್ತಿ ಕೂತೆ. ಹೆದರಿಕೆ ಹಾಕುವವರು ಕೂಗಾಡುತ್ತಾರೆ ಅಂತ ತಿಳಿಯಬೇಡಿ. ಕೂಗಾಡುವವರಿಂದ ಏನೂ ಆಗುವುದಿಲ್ಲ.

ಕೂಟಕ್ಕೆ ನಾಲ್ಕು ದಿನ ಇರುವಾಗ ಮೇಲಿನಿಂದ ಆದೇಶ ಬಂತು. ಪರವಾನಗಿ ಮಂಜೂರಾಗಿತ್ತು. ಕೊನೆಯ ಷರತ್ತು ಹೀಗಿತ್ತು: 'ಠಾಣೆಯವರು ತಮ್ಮ ವರದಿಯಲ್ಲಿ ಸೂಚಿಸಿರುವ ಎಲ್ಲ ಅಪಾಯಗಳ ಬಗ್ಗೆ ಠಾಣೆಯವರೇ ಸೂಕ್ತ ಬಂದೋಬಸ್ತ್ ಮಾಡತಕ್ಕದ್ದು.'

ಮೇಡಂ ಅದನ್ನು ಎರಡು ಸಲ ಓದಿ ತಲೆ ಮೇಲೆ ಕೈ ಇಟ್ಟುಕೊಂಡರು. "ನೀವು ಬರದದ್ದೆಲ್ಲಾ ನಮ್ಮ ಕೊರಳಿಗೇ ಬಂತಲ್ರಿ ರೈಟರ್ರ. ಬರೀದಿದ್ರ ನಮಗೇನೂ ಗೊತ್ತಿರಲಿಲ್ಲ ಅನ್ನಬಹುದಿತ್ತು."

ನಿಜ. ಬ್ಯಾಡಗಿಯಲ್ಲಿ ನೋಡದೆ ಬರೆದದ್ದಕ್ಕೆ ಕಾಗದ ನನ್ನನ್ನು ಕಾಪಾಡಿತು. ಇಲ್ಲಿ ನೋಡಿ ಬರೆದೆ, ಅದೇ ಕಾಗದ ನನ್ನನ್ನು ಕಟ್ಟಿಹಾಕಿತು. ಇನ್ನು ಯಾರಾದರೂ ಸತ್ತರೆ, ಅಪಾಯ ಇದೆ ಅಂತ ಗೊತ್ತಿದ್ದೂ ಬಿಟ್ಟವರು ನಾವೇ ಆಗುತ್ತೇವೆ. ಆ ನಾಲ್ಕು ದಿನ ಕಣ್ಣು ಮುಚ್ಚಿದರೆ ಯಲ್ಲವ್ವ ಬಂದು ಟೇಬಲಿನ ಮುಂದೆ ನಿಲ್ಲುತ್ತಿದ್ದಳು.

ಆ ರಾತ್ರಿ ಠಾಣೆಯಲ್ಲಿ ಸಿಕ್ಕವರು ಮೇಡಂ ಸೇರಿ ಆರು ಮಂದಿ. ಆಕ್ಷೇಪಣೆ ಏಳು. ಮೇಡಂ ನನ್ನ ವರದಿಯ ನಕಲು ಹಿಡಿದುಕೊಂಡೇ ಡ್ಯೂಟಿ ಹಂಚಿದರು: ಹನುಮಂತ ಎರಡನೆಯ ಆಕ್ಷೇಪಣೆಗೆ, ಅಂದರೆ ಕಾಲುವೆ ಸೇತುವೆಗೆ, ಇನ್ನಿಬ್ಬರು ಟ್ರ್ಯಾಕ್ಟರಿನ ದಾರಿಗೆ, ಒಬ್ಬ ಜನರೇಟರಿನ ವೈರುಗಳಿಗೆ, ಗೇಟು ಮತ್ತು ಉಳಿದದ್ದು ಅವರಿಗೇ. "ಮೂರನೇದು ನನಗ ಇರ್ಲಿ ಮೇಡಂ," ಅಂದೆ. ಮೊಣಕಾಲು ನೋಯುವ ಮುದುಕನನ್ನು ಗುಂಡಿಯ ಹತ್ತಿರ ನಿಲ್ಲಿಸಲು ಅವರಿಗೆ ಮನಸ್ಸಿರಲಿಲ್ಲ. ಆದರೆ ಬೇರೆ ಯಾರಿದ್ದರು?

ಗುಂಡಿಯ ಸುತ್ತ ಗೂಟ ಹುಗಿದು, ಹಗ್ಗ ಎಳೆದು, ಕೆಂಪು ಬಟ್ಟೆ ಕಟ್ಟಿದ್ದೆವು. ಹತ್ತು ಗಂಟೆಗೆ ಕಾರು ನಿಲ್ಲಿಸಲು ಜಾಗ ಸಾಲದೆ ಯಾರೋ ಹಿಂದಕ್ಕೆ ತೆಗೆದು ನಾಲ್ಕು ಗೂಟ ಮುರಿದರು. ಹಗ್ಗ ನೆಲಕ್ಕೆ ಬಿತ್ತು. ಮತ್ತೆ ಕಟ್ಟಲು ಗೂಟ ಇರಲಿಲ್ಲ. ಅಲ್ಲಿಂದ ಮುಂದೆ ಆ ಕಡೆಯ ಬೇಲಿ ನಾನೇ. ಬೆನ್ನ ಹಿಂದೆ ಎರಡು ಹೆಜ್ಜೆಗೆ ನೀರು, ಎದುರಿಗೆ ಕಣ್ಣು ಕುಕ್ಕುವ ಬಣ್ಣದ ದೀಪ. ಡಿಜೆಯ ಹೊಡೆತಕ್ಕೆ ಕಾಲ ಕೆಳಗಿನ ಮರಳು ಅದುರಿ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಜಾರುತ್ತಿತ್ತು. ಎಷ್ಟೋ ಜನರನ್ನು ಲಾಠಿ ಅಡ್ಡ ಹಿಡಿದು ಮರಳಿ ಕಳಿಸಿದೆ. ಕೆಲವರು ಬೈದರು, ಒಬ್ಬರು ಕೈ ಮುಗಿದು ತೀರ್ಥ ಕೇಳಿದರು.

ಹನ್ನೆರಡು ದಾಟಿದ ಮೇಲೆ ದೀಪದ ಕಡೆಯಿಂದ ಅಲ್ಲ, ಕಾರುಗಳ ಕಡೆಯ ಕತ್ತಲಿನಿಂದ ಒಬ್ಬ ಬಂದ. ಮೊಬೈಲ್ ನೋಡುತ್ತ ಬರುತ್ತಿದ್ದ. ಬೆಳಕೆಲ್ಲ ಮುಖದ ಮೇಲೆ, ಕಾಲಿಗೆ ಕತ್ತಲು. ನಾನು ನಿಂತಲ್ಲಿಂದ ಹತ್ತು ಮಾರು ದೂರದಲ್ಲಿ, ಹಗ್ಗ ಬಿದ್ದ ಕಡೆಗೆ ನೇರವಾಗಿ ನಡೆದ. "ಏ ನಿಲ್ಲೋ! ನಿಲ್ಲೋ ಮಾರಾಯಾ!" ಅಂತ ಕೂಗಿದೆ. ಡಿಜೆಯಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಓಡಿದೆ. ಆ ವಯಸ್ಸಿನಲ್ಲಿ ಹೇಗೆ ಓಡಿದೆನೋ ಗೊತ್ತಿಲ್ಲ. ಅವನ ಒಂದು ಕಾಲು ಆಗಲೇ ಜಾರಿತ್ತು. ಅಂಗಿಯ ಕೊರಳಪಟ್ಟಿ ಕೈಗೆ ಸಿಕ್ಕಿತು, ಎಳೆದೆ, ಅಂಗಿ ಪರ್ರನೆ ಬೆನ್ನುದ್ದ ಹರಿಯಿತು, ಇಬ್ಬರೂ ಹಿಂದಕ್ಕೆ ಬಿದ್ದೆವು. ಅವನ ಮೊಬೈಲ್ ನೀರಿಗೆ ಬಿತ್ತು. ಬೆಳಕು ಹಸಿರಾಗಿ ಕೆಳಗೆ ಇಳಿಯುತ್ತ ಹೋಯಿತು. ಇಳಿಯುತ್ತಲೇ ಇತ್ತು. ಅದು ಆರುವ ತನಕ ನಾನು ನೋಡುತ್ತ ಕೂತೆ.

ಆಮೇಲೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಅವನ ಕಪಾಳಕ್ಕೆ ಹೊಡೆದೆ. ಸರ್ವಿಸಿನಲ್ಲಿ ಯಾರಿಗೂ ಹೊಡೆಯದವನು, ಎರಡು ಸಲ ಹೊಡೆದೆ. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಹೊಡೆದು ನಾನೇ ಅತ್ತೆ. ಅವನು ಏನೂ ತಿಳಿಯದೆ, "ನನ್ನ ಫೋನ್... ನನ್ನ ಫೋನ್..." ಅನ್ನುತ್ತಿದ್ದ.

ಒಂದೂವರೆಗೆ ಎಲ್ಲ ಮುಗಿಯಿತು. ಕೊನೆಯ ಗಾಡಿ ಸೇತುವೆ ದಾಟಿತು ಅಂತ ಹನುಮಂತ ವಾಕಿಟಾಕಿಯಲ್ಲಿ ಹೇಳಿದಾಗ ಮೇಡಂ ನೆಲದ ಮೇಲೆಯೇ ಕೂತುಬಿಟ್ಟರು. "ಎಲ್ಲಾರೂ ಹೋದ್ರೇನ್ರಿ? ಖರೇ ಎಲ್ಲಾರೂ?" ಅಂತ ಮೂರು ಸಲ ಕೇಳಿದರು.

ಎರಡು ದಿನ ಬಿಟ್ಟು ಕರ್ಜಗಿ ಕಡೆಯ ಒಬ್ಬ ಹೆಣ್ಣುಮಗಳು ಠಾಣೆಗೆ ಬಂದಳು. ಹೆಸರು ಗಿರಿಜವ್ವ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಬೆನ್ನುದ್ದ ಹರಿದ ಹೊಸ ಅಂಗಿ. ನನ್ನ ಟೇಬಲಿನ ಮೇಲೆ ಹರವಿದಳು.

"ಪೊಲೀಸರು ಅಂದ್ರ ಹೊಡೀಬೇಕಂತ ಐತೇನ್ರಿ? ನಮ್ಮ ಮನ್ಯಾವ್ರು ಬೀಜದ ಅಂಗಡಿ ಇಟ್ಟಾರ, ಕಳ್ಳರಲ್ಲ. ಗಲ್ಲ ಬಾತೈತಿ. ಫೋನ್ ಹೋಗೇತಿ. ನಾ ಕಂಪ್ಲೇಂಟ್ ಕೊಡಾಕ ಬಂದೇನಿ."

"ಕುಂದ್ರಿ ತಾಯಿ," ಅಂದೆ. ನೀರು ಕೊಟ್ಟೆ. ಬರೆಯಲು ಬಾರದವರ ದೂರನ್ನು ರೈಟರ್ ಬರೆದುಕೊಳ್ಳುವುದು ನಮ್ಮ ಪದ್ಧತಿ. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಒಂದು ಮಾತೂ ಕಡಿಮೆ ಮಾಡಲಿಲ್ಲ.

"ಹೊಡದವ್ರ ಹೆಸ್ರು?"

"ಗೊತ್ತಿಲ್ಲರಿ. ವಯಸ್ಸಾದಾಂವ, ಕುಂಟಾಕತ್ತಿದ್ದ ಅಂತ ಹೇಳ್ಯಾರ."

ನನ್ನ ಹೆಸರು ಬರೆದೆ, ಹುದ್ದೆ ಬರೆದೆ. ಆಮೇಲೆ ಸೀಲು ತರಲು ಎದ್ದು ಕಪಾಟಿನ ಕಡೆಗೆ ನಡೆದೆ. ಆ ರಾತ್ರಿ ಬಿದ್ದಾಗ ಪೆಟ್ಟಾದ ಮೊಣಕಾಲು ಇನ್ನೂ ಬಾತಿತ್ತು. ತಿರುಗಿದಾಗ ಅವಳು ನನ್ನ ಕಾಲನ್ನೇ ನೋಡುತ್ತಿದ್ದಳು.

"ನೀವ ಏನ್ರಿ?"

"ಹೌದವ್ವಾ. ನಾನ."

ಅವಳು ಸೀರೆಯ ಸೆರಗು ಬಿಗಿಯಾಗಿ ಹಿಡಿದುಕೊಂಡಳು. "ಗುಂಡಿ ಐತಿ ಅಂದ್ರು ಯಾರೋ. ಎಷ್ಟು ದೂರ ಇತ್ರಿ ಅವ್ರಿಗೆ?" ಅಂದಳು.

"ದೂರ ಇರಲಿಲ್ಲವ್ವಾ. ಒಂದ್ ಕಾಲು ಒಳಗ ಇತ್ತು."

ಗಿರಿಜವ್ವ ಹರಿದ ಅಂಗಿಯನ್ನು ನಿಧಾನವಾಗಿ ಮಡಚಿದಳು. ದೂರು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಕಣ್ಣೊರೆಸಿಕೊಂಡು, "ಆದ್ರೂ ಹೊಡೀಬಾರದಿತ್ರಿ," ಅಂದಳು.

"ಹೊಡೀಬಾರದಿತ್ತವ್ವಾ," ಅಂದೆ.

ಹೆಬ್ಬೆಟ್ಟು ಒತ್ತಿದಳು. ನಾನು ದೂರು ಸ್ವೀಕರಿಸಿದ ರಸೀದಿ ಕೊಟ್ಟೆ. ಬಾಗಿಲ ತನಕ ಹೋದವಳು ತಿರುಗಿ ಬಂದು, ಮೊಣಕಾಲಿಗೆ ಅರಿಶಿನ ಸುಣ್ಣ ಹಚ್ಚಿರಿ ಅಂತ ಹೇಳಿ ಹೋದಳು.

ತಿಂಗಳೊಳಗೆ ನನಗೆ ನೋಟಿಸು ಬಂತು. ಸಾರ್ವಜನಿಕರ ಮೇಲೆ ಕೈ ಮಾಡಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು, ಘಟನೆ ನಡೆದಾಗ ನೀವು ಎಲ್ಲಿ ಇದ್ದಿರಿ ಎಂಬುದನ್ನು ಮೊದಲು ತಿಳಿಸತಕ್ಕದ್ದು. ಮೇಡಂ ಓದಿ ಬೇಜಾರಾದರು. "ಒಳ್ಳೆ ವಕೀಲರ ಕಡೆ ಬರಸೂಣ್ರಿ," ಅಂದರು. ಬೇಡ ಅಂದೆ.

ಸಂಜೆ ಎಲ್ಲರೂ ಹೋದ ಮೇಲೆ ಕಂಪ್ಯೂಟರ್ ಮುಚ್ಚಿ, ಬಿಳಿ ಹಾಳೆ ತೆಗೆದು ಕೈಯಿಂದ ಬರೆದೆ. ಹೊಡೆದದ್ದು ತಪ್ಪು ಅಂತ ಕೊನೆಯಲ್ಲಿ ಒಪ್ಪಿಕೊಂಡೆ. ಬಂದ ಶಿಕ್ಷೆ ಅನುಭವಿಸಿದೆ, ಅದರ ಬಗ್ಗೆ ಹೇಳುವುದೇನಿಲ್ಲ. ಆ ಉತ್ತರದ ಮೊದಲ ಸಾಲು ಬರೆಯುವಾಗ ಮಾತ್ರ, ಬ್ಯಾಡಗಿ ಬಿಟ್ಟ ಮೇಲೆ ಮೊದಲ ಸಲ, ನಾನೇ ಬರೆದ ಕಾಗದಕ್ಕೆ ನಾನು ಹೆದರಲಿಲ್ಲ. ಆ ಹೊತ್ತಿನಲ್ಲಿ ಯಲ್ಲವ್ವ ಟೇಬಲಿನ ಮುಂದೆ ನಿಂತು ಮತ್ತೆ ಅದನ್ನೇ ಕೇಳಿದ್ದರೂ ಅವಳಿಗೂ ಅದೇ ಸಾಲನ್ನು ಓದಿ ಹೇಳುತ್ತಿದ್ದೆ.

'ಸದರಿ ರಾತ್ರಿ, ಸದರಿ ಹೊತ್ತಿನಲ್ಲಿ, ನಾನು ಸ್ಥಳದಲ್ಲಿಯೇ ಇದ್ದೆನು.'